ಇಲಿಕೋಣೆಯ ಕತ್ತಲೆ

ರತ್ನಮ್ಮ ಮೇಡಂ ಇಲಿಗಳ ಕೋಣೆಗೆ ಹೋಗುವ ಮುನ್ನ ಬಾಗಿಲು ತಟ್ಟುತ್ತಿದ್ದರು. ಪ್ರಿನ್ಸಿಪಾಲರ ಕೋಣೆಗೆ ಮಾತ್ರ ತಟ್ಟದೆ ನುಗ್ಗುತ್ತಿದ್ದರು. ಇಲಿಗಳ ಕೋಣೆಯೊಳಗೆ ಹೋಗಿ "ಅಂದರೂ ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಎಲ್ಲರ ಕ್ಷೇಮ ವಿಚಾರಿಸಿದ ಮೇಲೇ ಪಂಜರಕ್ಕೆ ಕೈ ಹಾಕುವುದು.

"ಗಾಬರಿಬಿದ್ದ ಇಲಿ ಹೊತ್ತಿಗೆ ಸರಿಯಾಗಿ ಅಂಡ ಬಿಡಲ್ಲ ಕಣೇ" ಎನ್ನುತ್ತಿದ್ದರು.

ಹಾಗಿದ್ದರೆ ನನಗೆ ಇಬ್ಬರು ಮಕ್ಕಳಾದದ್ದು ಪವಾಡವೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಟೇಕಲ್‌ನಿಂದ ಕೋಲಾರದ ನಮ್ಮ ಕಾಲೇಜಿನವರೆಗೂ ಬಸ್ಸಿನಲ್ಲಿ ಬೆವರುವವಳು ನಾನು. ರಸಾಯನಶಾಸ್ತ್ರದವಳು, ಇಲಿ ಕಂಡರೆ ಕುರ್ಚಿ ಹತ್ತುವವಳು.

ಮೇಡಂ ಮುಳಬಾಗಿಲಿನವರು, ಪ್ರಾಣಿಶಾಸ್ತ್ರದವರು. ಮೆದುಳಿನ ಬುಡದಲ್ಲಿ ಬೇಳೆಯಷ್ಟೂ ಇಲ್ಲದ ಪಿಟ್ಯುಟರಿ ಗ್ರಂಥಿ ಇಲಿಯ ಅಂಡಾಶಯವನ್ನು ಹೇಗೆ ಆಳುತ್ತದೆ ಎಂಬುದನ್ನೇ ವರ್ಷಗಟ್ಟಲೆ ನೋಡುತ್ತಿದ್ದರು. ಅದರ ಒಂದು ಹಾರ್ಮೋನು ಅಂಡವಿರುವ ಕೋಶಕಗಳನ್ನು ಬೆಳೆಸುತ್ತದೆ. ಬೆಳೆದ ಕೋಶಕ ಒಡೆದು ಅಂಡ ಹೊರಬರಬೇಕಾದರೆ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕಬೇಕು.

"ಮೊದಲನೇದು ಸಾಕಿದ ತಾಯಿ. ಎರಡನೇದು ಸೋದರಮಾವ. ಮುಹೂರ್ತಕ್ಕೆ ಅವನು ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ದಿದ್ರೆ ಹುಡುಗಿ ಸಿಂಗಾರ ಮಾಡ್ಕೊಂಡು ಒಳಗೇ ಕೂತಿರ್ತಾಳೆ."

ಆ ಸೋದರಮಾವನಿಗೆ ಬೆಳಕು ಕತ್ತಲೆಗಳೇ ಗಡಿಯಾರ. ಅದಕ್ಕೇ ಕೋಣೆಯ ಕಿಟಕಿಗೆಲ್ಲ ಕಪ್ಪು ಬಟ್ಟೆ. ಹೊತ್ತಿಗೆ ತಾನೇ ಹತ್ತಿ ತಾನೇ ಆರುವ ದೀಪ. ಆರಿದ ಮೇಲೆ ಯಾರಾದರೂ ಸ್ವಿಚ್ಚು ಮುಟ್ಟಿದರೆ ಮೇಡಂ ಬೈಯುವುದು ಮೈದಾನದಾಚೆಗೂ ಕೇಳಿಸುತ್ತಿತ್ತು.

ಮೇಡಂ ನಿವೃತ್ತರಾದರೆ ಇಲಿಕೋಣೆಯೂ ಮುಚ್ಚುತ್ತದೆ ಎಂದು ಕಾಲೇಜಿನಲ್ಲಿ ತೀರ್ಮಾನವಾಗಿತ್ತು. ಅಷ್ಟರೊಳಗೆ ಕೊನೆಯ ಗುಂಪಿನ ಇಲಿಗಳ ಪ್ರಯೋಗ ಮುಗಿದರೆ ಅವರ ಇಡೀ ಕೆಲಸಕ್ಕೆ ಒಂದು ಕೊನೆ ಕಾಣುತ್ತಿತ್ತು. ಆ ನಡುವೆಯೇ ಅವರ ಯಜಮಾನರು ತೀರಿಕೊಂಡರು. ಮೇಡಂ ತಿಂಗಳ ಕಾರ್ಯ ಮುಗಿಸಿಯೇ ಬಂದದ್ದು. ಇಲಿಗಳಿಗೆ ನೀರು, ಕಾಳು ಅಟೆಂಡರ್ ಮುನಿಯಪ್ಪನ ಪಾಲಿಗೆ. ಬೀಗ ಬಿದ್ದಿದೆಯೇ ಎಂದು ದಿನಾ ಸಂಜೆ ಎಳೆದು ನೋಡುವ ಚಿಂತೆ ನನ್ನ ಪಾಲಿಗೆ. ಒಳಗೇನಾಗುತ್ತಿದೆ ಎಂದು ಚಿಂತಿಸಲು ಹೊಳೆಯಲೇ ಇಲ್ಲ. ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಚಿಂತಿಸಿದೆ.

ಬಂದ ದಿನ ಮೇಡಂ ಒಂದೊಂದೇ ಇಲಿಯ ಸ್ರಾವ ತೆಗೆದು ಸ್ಲೈಡು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಮತ್ತೆ ನೋಡಿದರು. ಅಂಡ ಬಿಡುವ ಚಕ್ರದ ಬೇರೆ ಬೇರೆ ದಿನದಲ್ಲಿರಬೇಕಾದ ಇಲಿಗಳೆಲ್ಲ ಒಂದೇ ದಿನದಲ್ಲಿ ನಿಂತುಬಿಟ್ಟಿದ್ದವು. ಅಂದರೆ, ಕೋಶಕಗಳು ಬೆಳೆದು ಊದಿದ್ದವೇನೋ, ಒಡೆದಿರಲಿಲ್ಲ.

"ಮುನಿಯಪ್ಪಾ, ಲೈಟು?"

ತಾಯಲೂರಿನ ಮುನಿಯಪ್ಪ ತಲೆ ಬಗ್ಗಿಸಿ ನಿಂತ. "ಆರೋಕೆ ಬಿಡ್ಲಿಲ್ಲಮ್ಮಾ. ಸಾವಾದ ಮನೇಲಿ ಕತ್ಲು ಮಾಡ್ಬಾರ್ದಲ್ವಾ? ಇವೂ ನಿಮ್ಮನೆಯವೇ ತಾನೇ? ನೀವು ಬರೋಗಂಟ ಉರೀಲಿ ಅಂತ ಬಿಟ್ಟೆ."

ನಾನು ಬೈಗುಳಕ್ಕೆ ಸಿದ್ಧಳಾಗಿ ಬಾಗಿಲತ್ತ ಸರಿದೆ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನಮ್ಮನೇಲಿ ಕಾರ್ಯ ಮುಗಿದ ಸಂಜೇನೇ ದೀಪ ಆರಿಸಿ ಎಲ್ಲಾರೂ ಬಸ್ಸು ಹತ್ತಿದ್ರು ಮುನಿಯಪ್ಪಾ. ನೀನೊಬ್ಬ ಉರಿಸಿದೀಯಲ್ಲೋ."

ಆಮೇಲೆ ಎದ್ದು ದೀಪದ ಹೊತ್ತನ್ನು ತಾವೇ ಸರಿಪಡಿಸಿದರು. ಪ್ರಯೋಗ ಕೈತಪ್ಪಿತ್ತು. ಹೊಸದಾಗಿ ಶುರು ಮಾಡುವಷ್ಟು ಸರ್ವೀಸು ಉಳಿದಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಬಾಗಿಲು ತಟ್ಟಿ ಹೋಗಿ ನೋಡುತ್ತಿದ್ದರು. ಏನು ಪ್ರಯೋಜನ ಎಂದು ನಾನು ಕೇಳಿದ್ದಕ್ಕೆ, "ನೆಟ್ಟಗಾದ್ವಾ ಅಂತ ನೋಡ್ಬೇಡ್ವೇನೇ?" ಎಂದರು.

ನಿವೃತ್ತಿಗೆ ಸ್ವಲ್ಪ ಮುಂಚೆ ನನ್ನನ್ನು ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದರು. "ಬಂದ ನೋಡೇ ಸೋದರಮಾವ!" ನನಗೆ ಕಂಡದ್ದು ಒಂದಿಷ್ಟು ಚುಕ್ಕಿ. ಅವರ ಮುಖ ಮಾತ್ರ ಮದುವೆಮನೆಯಾಗಿತ್ತು. ಆಮೇಲೆ ಅವರು ನಕ್ಕದ್ದನ್ನು ನಾನು ನೋಡಲಿಲ್ಲ. ನಿವೃತ್ತರಾಗಿ ಊರು ಸೇರಿದ ಅವರಿಗೆ, ಮುಳಬಾಗಿಲಿಗೆ ಬರ್ತೀನಿ ಬರ್ತೀನಿ ಎನ್ನುತ್ತಲೇ ನಾನು ಹೋಗಲಿಲ್ಲ.

ಅವರು ಹೋದರೆಂಬ ಫೋನು ಬಂದದ್ದು ಮೊನ್ನೆ, ಕಾಲೇಜು ಬಿಡುವ ಹೊತ್ತಿಗೆ. ನಾನೂ ಮುನಿಯಪ್ಪನೂ ಸುಮ್ಮನೆ ಮುಚ್ಚಿದ್ದ ಇಲಿಕೋಣೆಯ ಬೀಗ ತೆಗೆದು ಒಳಗೆ ಹೋದೆವು. ಪಂಜರಗಳು ಖಾಲಿ. ದೀಪದ ಹೊತ್ತನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ನಾವು ನೋಡುತ್ತಿದ್ದಂತೆ ಟಕ್ಕೆಂದು ಆರಿತು.

ಕತ್ತಲಲ್ಲಿ ಮುನಿಯಪ್ಪನ ಕೈ ಗೋಡೆ ತಡಕಿತು. "ಇವತ್ತೊಂದಿನ ಹಾಕ್ಲಾಮ್ಮಾ?"

"ಬೇಡ ಕಣಪ್ಪಾ," ಎಂದೆ. "ಮೇಡಂ ಬೈತಾರೆ."