ಟವೆಲ್ಲಿನ ಕೆಳಗಿನ ಬೆರಳು

ನನ್ನ ಮೊಮ್ಮಗಳು ರೇಣುಕ ಮುಂದಿನ ತಿಂಗಳಿಂದ ಹೊಳಲ್ಕೆರೆಯಲ್ಲೇ ಕೆಲಸಕ್ಕೆ ಹೋಗುತ್ತಾಳೆ, ಅದೂ ತಾನು ಕೇಳಿದಷ್ಟೇ ಸಂಬಳಕ್ಕೆ! ಮಧ್ಯಾಹ್ನ ಅವಳ ಫೋನು ಬಂದಾಗಿನಿಂದ ಚಿಕ್ಕಜಾಜೂರಿನ ಅರ್ಧ ಊರಿಗೆ ಸುದ್ದಿ ಹೇಳಿದ್ದೇನೆ. ಉಳಿದರ್ಧ ಊರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದೆ. ಅದಕ್ಕೇ ಬರೆಯಲು ಕುಳಿತೆ. ನಾಲ್ಕನೇ ಕ್ಲಾಸಿನ ಅಕ್ಷರ, ಸ್ವಲ್ಪ ನಿಧಾನಕ್ಕೆ ಓದಿ.

ಮೂರು ವರ್ಷದಿಂದ ಅವಳು ಹಿರಿಯೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಾಳೆ. ಅಲ್ಲೇ ರೂಮು, ಅಲ್ಲೇ ಊಟ. ಮನೆ ಕಾಣುವುದು ತಿಂಗಳಿಗೊಮ್ಮೆ. ಹೊಳಲ್ಕೆರೆಯ ಒಂದು ಆಸ್ಪತ್ರೆಯವರು ಕರೆದಾಗ ನಾವೆಲ್ಲ ಕುಣಿದೆವು. ಅವಳು ಕುಣಿಯಲಿಲ್ಲ. ಮನೆ ಹತ್ತಿರವಾಯಿತಲ್ಲ ಎಂದು ಅವರು ಹಿರಿಯೂರಿಗಿಂತ ಕಡಿಮೆ ಹೇಳಿದ್ದರು. ಇವತ್ತು ಇನ್ನೊಮ್ಮೆ ಮಾತಿಗೆ ಕರೆದಿದ್ದರು. ಕಡಿಮೆಗಾದರೆ ಬರುವುದೇ ಇಲ್ಲ ಎಂದು ಅವಳು ಮೊದಲೇ ನಮಗೆ ಹೇಳಿಬಿಟ್ಟಿದ್ದಳು.

ಆ ಮಾತಿಗೆ ನನ್ನ ಹದಿನೆಂಟನೇ ವಯಸ್ಸು ನೆನಪಾಯಿತು. ಆಗ ಮಾಡದಕೆರೆ ಕಡೆ ಒಬ್ಬರ ಕುರಿ ಕಾಯುತ್ತಿದ್ದೆ. ವರ್ಷಕ್ಕೆ ನಾಲ್ಕು ಮರಿ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ, ಅದೇ ಸಂಬಳ. ನಮ್ಮೂರ ಗೌಡರು ತಮ್ಮ ಮಂದೆಗೆ ಕರೆದು, "ಅಲ್ಲೇನ್ ಕೊಡ್ತಿದ್ರಲೇ?" ಎಂದರು. ನಾನು ಸತ್ಯವಂತ, ಚಪ್ಪಲಿಯನ್ನೂ ಬಿಡದೆ ಒಪ್ಪಿಸಿದೆ.

"ಇಲ್ಲಿ ನಿಮ್ಮವ್ವನ ಮನೆ ಐತೆ, ಕಂಬ್ಳಿ ಯಾಕಲೇ?" ಎಂದರು. ಕಂಬಳಿ ಹೋಯಿತು. ಆ ಚಳಿಗಾಲವೆಲ್ಲ ಮಂದೆಯ ಜೊತೆ ಬಯಲಲ್ಲಿ ಮಲಗಿದೆ. ಅವ್ವನ ಮನೆ ಎರಡು ಮೈಲಿ ದೂರದಲ್ಲಿ ಬೆಚ್ಚಗಿತ್ತು.

ಬುದ್ಧಿ ಬಂದದ್ದು ಆಮೇಲೆ, ಕುರಿ ಸಂತೆಯಲ್ಲಿ. ಅಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ಬೆಲೆ ಹೇಳುವ ವ್ಯಾಪಾರ. ನೋಡುವವರಿಗೆ ಏನೂ ತಿಳಿಯದು. ಕುರಿಯನ್ನು ನೀನೆಷ್ಟಕ್ಕೆ ತಂದೆ ಎಂದು ಯಾರೂ ಕೇಳುವುದಿಲ್ಲ, ಅದರ ಬೆನ್ನು ಮುಟ್ಟಿ ನೋಡಿ ಬೆಲೆ ಕಟ್ಟುತ್ತಾರೆ. ಬೆರಳು ಒತ್ತಿದ ಮೇಲೆ ಮೊದಲು ಬಾಯಿ ಬಿಟ್ಟವನು ಕೆಟ್ಟ.

ನಿನ್ನೆ ರಾತ್ರಿ ಇದನ್ನೆಲ್ಲ ಹೇಳಿದರೆ ರೇಣುಕ ಫೋನಿನಲ್ಲೇ ನಕ್ಕಳು. "ನಾನೇನ್ ಟಗರಾ ತಾತ?"

"ಟಗರಾಗಿದ್ರೆ ನಾನೇ ಬಂದು ಮಾರ್ತಿದ್ದೆ ಕಣವ್ವ. ನಿನ್ ರೇಟು ನೀನ್ ಹೇಳು. ಹೇಳಿದ್ ಮ್ಯಾಲೆ ಬಾಯಿ ಮುಚ್ಕಂಡು ಕುಂತ್ಕ."

ಹಾಗೇ ಮಾಡಿದಳಂತೆ. ಮ್ಯಾನೇಜರು ಫ್ಯಾನು ನೋಡಿದರಂತೆ, ಟೀ ತರಿಸಿದರಂತೆ. ಟೀ ಮುಗಿಯಿತು, ಇವಳು ಮಾತಾಡಲಿಲ್ಲ. ಕೊನೆಗೆ ಅವರೇ ಆಗಲಿ ಎಂದರಂತೆ. ಅಷ್ಟು ಹೊತ್ತೂ ಮಡಿಲ ಮೇಲಿನ ವೇಲಿನ ಕೆಳಗೆ ಅವಳ ಬೆರಳು ನಡುಗುತ್ತಿದ್ದವಂತೆ. ಟವೆಲ್ಲು ಇರುವುದು ಬೆಲೆ ಮುಚ್ಚಲಿಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ನಡುಕ ಮುಚ್ಚಲಿಕ್ಕೆ ಎಂದು ವ್ಯಾಪಾರ ಮಾಡಿದವರಿಗೇ ಗೊತ್ತು.

ಸಂಜೆ ರೇಣುಕ ಮನೆಗೇ ಬಂದಳು. ಮಗ, ಸೊಸೆ, ನನ್ನ ಹೆಂಡತಿ, ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣಲು ಕುಳಿತೆವು. ಮುದ್ದೆ, ಅವರೆಕಾಳಿನ ಸಾರು, ಹೋಳಿಗೆ. ನನಗೆ ಸಕ್ಕರೆ ಕಾಯಿಲೆ. ಆದರೂ ಎರಡು ಹೋಳಿಗೆ ಎಂದು ಹೇಳಿ ಬಾಯಿ ಮುಚ್ಚಿ ಕುಳಿತೆ. ರಕ್ತ ಪರೀಕ್ಷೆ ಮಾಡುವವಳು ಎದುರಿಗೇ ಇದ್ದಳು. ಅವಳೂ ಬಾಯಿ ಮುಚ್ಚಿ ನನ್ನನ್ನೇ ನೋಡುತ್ತಾ ಕುಳಿತಳು. ಮನೆಯವರೆಲ್ಲ ಕೈ ತಡೆದು ಕಾದರು.

ಮೊದಲು ಬಾಯಿ ಬಿಟ್ಟವನು ನಾನೇ. "ಒಂದೇ ಸಾಕು ಬಿಡವ್ವ."