ಆಮ್ರಪಾಲಿ ತಂದ ಉಡಿಸಾಮಾನು

ಬೆಳಗಿನ ಹೊತ್ತು ಚಿದ್ರಿಯ ಮನೆಗಳ ಮೇಲೆ ತರಬೇತಿ ವಿಮಾನಗಳು ಹಾರುತ್ತವೆ. ಹಳೆಯ ಧೋತರವನ್ನು ಉದ್ದಕ್ಕೆ ಹರಿದಂಥ ಸದ್ದು. ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ನಡುಗುತ್ತವೆ. ಹೊಸಬರು ತಲೆಯೆತ್ತಿ ನೋಡುತ್ತಾರೆ. ಆಮ್ರಪಾಲಿ ಆ ಸದ್ದಿನಲ್ಲೇ ಹುಟ್ಟಿದವಳು, ರೊಟ್ಟಿ ಬಡಿಯುವ ಕೈ ನಿಲ್ಲಿಸುವುದಿಲ್ಲ.

ಅವಳ ತಂದೆ ನಾಗಸೇನ ಸರ್ಕಾರಿ ಶಾಲೆಯ ಮಾಸ್ತರರಾಗಿದ್ದವರು. ಮಗಳೂ ಮಾಸ್ತರಿಕೆ ಹಿಡಿಯಲಿ ಎಂದಿದ್ದರು. ಅವಳು ಭಾಲ್ಕಿಯಲ್ಲಿ ಬಿ.ಎ. ಮುಗಿಸಿ ನೌಬಾದದ ಒಂದು ಸಂಸ್ಥೆ ಸೇರಿದಳು. ಆಗ ಆ ಸಂಸ್ಥೆಯೆಂದರೆ ಬಾಡಿಗೆಯ ಎರಡು ಕೋಣೆ, ಒಂದು ಮೊಪೆಡ್. ಭಾಲ್ಕಿ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರನ್ನು ಕೂಡಿಸಿ, ರೇಶನ್ ಅಂಗಡಿಯವನ ಎದುರು ನಿಂತು ಮಾತಾಡುವುದನ್ನು ಕಲಿಸುವುದು ಅವಳ ಕೆಲಸ. ಹೆಂಗಸರು ಕಲಿತರು. ಮುಚ್ಚಿರುತ್ತಿದ್ದ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯತೊಡಗಿತು. ಅಂಥ ಖುಷಿ ಅವಳಿಗೆ ಮತ್ತೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಆಮೇಲೆ ಹೊರದೇಶದ ನೆರವು ಬಂತು. ಮುಖ್ಯಸ್ಥ ಅನೀಲಕುಮಾರರ ಕೋಣೆಗೆ ಎ.ಸಿ. ಬಂತು. ಆಮ್ರಪಾಲಿಯ ಕೆಲಸವೂ ತಿರುಗಿತು. ಅತಿಥಿಗಳು ಬರುವ ಮುನ್ನಾದಿನ ಹಳ್ಳಿಗೆ ಹೋಗಿ, ಅಲ್ಲಿಯವರು ಏನು ಹೇಳಬೇಕೆಂದು ತಿದ್ದಬೇಕು. "ಅವರು ಕೊಟ್ಟರು ಅನಬ್ಯಾಡ್ರಿ. ನಾವೇ ಮಾಡೀವಿ ಅನ್ರಿ." ಹೆಂಗಸರು ಗಿಣಿಗಳಂತೆ ಅಂದರು. ಅತಿಥಿಗಳು ಬರೆದುಕೊಂಡರು. ಮರಳುವ ಜೀಪಿನಲ್ಲಿ ಅವಳಿಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ರಸ್ತೆಯ ತಗ್ಗುಗಳಿಂದ ಹೀಗಾಗುತ್ತದೆ ಎಂದುಕೊಳ್ಳುತ್ತಿದ್ದಳು.

ಆ ನೆರವಿನಲ್ಲಿ ಔರಾದ ತಾಲೂಕಿನ ಡಾಬಕಾದ ಗಾಯರಾನದಲ್ಲಿ ಗಿಡ ನೆಟ್ಟರು. ದನಕುರಿ ಮೇಯಲೆಂದು ಊರೊಟ್ಟಿಗೆ ಬಿಟ್ಟ ಜಾಗ ಅದು. ಸುತ್ತ ತಂತಿ ಬಿಗಿದು, ಒಂದು ಗೇಟಿಟ್ಟು, ಯುನುಸ ಎಂಬುವನನ್ನು ಕಾವಲಿಗೆ ಹಾಕಿದರು. ಗಿಡ ಆಳೆತ್ತರ ಆದಮೇಲೆ ಗೇಟು ತೆಗೆಯುತ್ತೇವೆಂದು ಊರವರಿಗೆ ಮಾತು ಕೊಟ್ಟವಳು ಆಮ್ರಪಾಲಿಯೇ. ಗಿಡ ಆಳೆತ್ತರ ದಾಟಿತು. ಗೇಟು ಮುಚ್ಚಿಯೇ ಇತ್ತು. ಕುರಿ ಬಾಯಿ ಹಾಕದ ಹಸಿರು ಫೋಟೊದಲ್ಲಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು ಅನೀಲಕುಮಾರ. ಒಳಗಿನ ಹುಲ್ಲು ನಿಂತಲ್ಲೇ ಒಣಗಿತು. ಕುರಿಗಾರ ಧೊಂಡಿಬಾ ಹಿಂಡನ್ನು ಮಹಾರಾಷ್ಟ್ರದ ಹೊಲಗಳ ಕಡೆ ಹೊಡೆದುಕೊಂಡು ಹೋಗಿ, ಅಲ್ಲಿಯವರಿಂದ ಕಲ್ಲೇಟು ತಿಂದು ಬಂದ.

"ಗೇಟು ತೆಗೀದಿದ್ರ ಬರೂ ಸಂತಿಗೆ ಹಿಂಡು ಪೂರಾ ಉಸ್ಮಾನ ಮಿಯಾಗ ಮಾರಿಬಿಡ್ತೇನಿ" ಎಂದ. ಉಸ್ಮಾನ ಮಿಯಾ ಔರಾದದ ಕುರಿ ವ್ಯಾಪಾರಿ.

ಅದೇ ವಾರ ನೆರವು ಕೊಡುವ ದೇಶದವರು ಬೀದರಿಗೆ ಬರುವ ಸುದ್ದಿ ಬಂತು. ಅವರು ನೆರವಿನ ನೀತಿಯನ್ನೇ ಹೊಸದಾಗಿ ಬರೆಯುತ್ತಾರಂತೆ. ಬರೆಯುವ ಮೊದಲು ಇಲ್ಲಿನ ನಾಗರಿಕ ಸಂಘಟನೆಗಳನ್ನೂ ಜನರನ್ನೂ ಕೇಳುತ್ತಾರಂತೆ. ಆಮ್ರಪಾಲಿ ಡಾಬಕಾಕ್ಕೆ ಹೋಗಿ ಧೊಂಡಿಬಾನ ಹೆಂಡತಿ ಭೀಮಬಾಯಿಯನ್ನು ಕರೆದಳು.

"ಬರ್ತೇನಿ ಬೇಟಿ. ಖರೇ, ಗೇಟಿನ ಮಾತು ಆಡ್ಲಾಕ ಬಿಡ್ತಾರೇನು?"

"ಬಿಡ್ತಾರ್ರಿ ಮೌಶಿ. ಕೇಳ್ಲಾಕಂತೇ ಬರ್ಲತ್ತಾರ."

"ನೀ ತಿದ್ದಬ್ಯಾಡ ಮತ್ತ. ಹೋದ ಸಲ 'ಸಬಲೀಕರಣ' ಅನ್ನಲಾಕ ಹಚ್ಚಿದಿ. ಮುಂದಿನ ಹಲ್ಲಿಲ್ಲ ನನಗ, ಉಗುಳು ಸಿಡದು ಸಾಹೇಬರ ಅಂಗಿ ಮ್ಯಾಲ ಬಿತ್ತು."

ಇಬ್ಬರೂ ನಕ್ಕರು. ಈ ಸಲ ತಿದ್ದುವುದಿಲ್ಲ ಎಂದಳು ಆಮ್ರಪಾಲಿ.

ಭೀಮಬಾಯಿ ಏನು ಮಾತಾಡುತ್ತಾಳೆಂದು ಅನೀಲಕುಮಾರ ಕೇಳಿದರು. ಅವಳು ಇದ್ದದ್ದು ಹೇಳಿದಳು. ಅವರು ಸಿಟ್ಟಾಗಲಿಲ್ಲ.

"ಹೇಳ್ಲಿ ಬಿಡು. ಆದ್ರ ಹೆಣ್ಮಗಳು ನಮ್ಮ ಸ್ಟೇಜಿಗೆ ಬರ್ಲತ್ತಾಳ, ಬರಿಗೈಲೆ ಕಳಸಬಾರ್ದು. ಒಂದು ಚಲೋ ಸೀರಿ, ಖಣ, ಕಾಯಿ ತಗೊಂಡು ಬಾ. ಮೇಡಮ್ಮರ ಕೈಲೆ ಉಡಿ ತುಂಬಸೋಣ."

ಅವಳಿಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ನಾಗಸೇನರ ಮನೆಯಲ್ಲಿ ಉಡಿ ತುಂಬುವ ಪದ್ಧತಿ ಎಂದೋ ಬಿಟ್ಟುಹೋಗಿತ್ತು. ಬೇರೆಯವರ ಮದುವೆಗಳಲ್ಲಿ ದೂರ ನಿಂತು ಕಂಡದ್ದಷ್ಟೇ ಅವಳಿಗೆ ಗೊತ್ತು. ಬಜಾರಿನಲ್ಲಿ ಮೂರು ಅಂಗಡಿ ತಿರುಗಿ ಕೆಂಪಂಚಿನ ಹಸಿರು ಸೀರೆ ಆರಿಸಿದಳು. ಭೀಮಬಾಯಿಯ ಕಪ್ಪು ಕೈಗೆ ಈ ಹಸಿರು ಒಪ್ಪುತ್ತದೆ ಎಂದುಕೊಂಡಳು.

ಹೋಟೆಲಿನ ಹಾಲಿನಲ್ಲಿ ಪನೀರಿನ ವಾಸನೆ ಆಗಲೇ ಹಬ್ಬಿತ್ತು. ಹೊರದೇಶದ ಮೇಡಂ ಒಳ್ಳೆಯ ಹೆಂಗಸು. ಹೇಳಿಕೊಟ್ಟ ಹಾಗೆ ಅಕ್ಕಿ, ಕಾಯಿ, ಖಣ, ಸೀರೆ ಒಂದೊಂದಾಗಿ ಭೀಮಬಾಯಿಯ ಸೆರಗಿನಲ್ಲಿ ಮೆಲ್ಲಗೆ ಇಟ್ಟಳು. ಕ್ಯಾಮೆರಾಗಳು ಮಿನುಗಿದವು. ಎರಡೂ ಕೈಯಲ್ಲಿ ಉಡಿ ಹಿಡಿದು ನಿಂತ ಭೀಮಬಾಯಿಯ ಮುಖದೆದುರು ಯಾರೋ ಮೈಕು ಹಿಡಿದರು. ಅವಳ ತುಟಿ ಅದುರಿತು. ಒಮ್ಮೆ ಆಮ್ರಪಾಲಿಯ ಕಡೆ ನೋಡಿದಳು.

"ನಿಮ್ಮ ಮನಿ ತಂಪಿರ್ಲಿ. ನಿಮ್ಮ ಮಕ್ಕಳುಮರಿ ಚಂದಿರ್ಲಿ" ಎಂದು ಕೆಳಗಿಳಿದಳು.

ಚಪ್ಪಾಳೆ ಬಿದ್ದವು. ಜನ ನಿಮ್ಮ ನೀತಿಯನ್ನು ಹರಸಿದ್ದಾರೆ ಎಂದು ಅನೀಲಕುಮಾರ ಇಂಗ್ಲಿಷಿನಲ್ಲಿ ತಿಳಿಸಿದರು.

ಆಮ್ರಪಾಲಿ ಓಡಿ ಬಂದಳು. "ಮೌಶಿ, ಗೇಟಿನ ಮಾತು ಯಾಕ ಆಡಲಿಲ್ರಿ?"

"ಹ್ಯಾಂಗ ಆಡ್ಲಿ? ಆಕಿ ಉಡಿ ತುಂಬ್ಯಾಳ. ಉಡಿ ತುಂಬಸ್ಕೊಂಡು ಅದೇ ಹೊಸ್ತಿಲ ಒಳಗ ನಿಂತು ಅವರ ಮ್ಯಾಲ ತಕರಾರು ಹೇಳಿದ್ರ ತವರಮನಿಗೆ ಎರಡು ಬಗದಂಗ. ನಿಮ್ಮ ಸಾಹೇಬಗ ಗೊತ್ತಿಲ್ಲೇನು? ಅವರ ಮನ್ಯಾಗ ದೀಪಾವಳಿಗೊಮ್ಮಿ ತುಂಬ್ತಾರಲ್ಲ." ಆಮೇಲೆ ಸೀರೆಯ ಅಂಚು ಮುಟ್ಟಿ ನೋಡಿ, "ಸೀರಿ ಭಾಳ ಚಲೋ ಅದ. ಯಾರು ಆರಿಸಿದ್ರು?" ಎಂದಳು.

ಆಮ್ರಪಾಲಿ ಉತ್ತರಿಸಲಿಲ್ಲ. ಬಾಯಿಯಲ್ಲಿ ಹುಳಿ ನೀರು ತುಂಬಿಕೊಂಡಿತು. ಅದನ್ನು ನುಂಗಿ ನೇರ ಮೇಡಂ ಹತ್ತಿರ ಹೋಗಿ, ತನಗೆ ಬರುವ ಇಂಗ್ಲಿಷಿನಲ್ಲಿ ಗೇಟಿನ ಕತೆ ಹೇಳಿದಳು. ಮೇಡಂ ತಟ್ಟೆ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇವತ್ತಿನ ಚರ್ಚೆ ನೀತಿಯದು, ಗೇಟು ಜಾರಿಯ ವಿಷಯ, ಅದಕ್ಕೆ ಮುಂದಿನ ವರ್ಷ ಬೇರೆ ಸಭೆ ಇದೆ ಎಂದಳು. ಆ ತಾಯಿ ನಮ್ಮನ್ನು ಹರಸಿದ್ದನ್ನು ಎಂದೂ ಮರೆಯುವುದಿಲ್ಲ ಎಂದೂ ಹೇಳಿದಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿದ್ದವು. ಆಮ್ರಪಾಲಿಗೆ ಅದನ್ನು ನೋಡಲಾಗಲಿಲ್ಲ.

ಅನೀಲಕುಮಾರ ತಟ್ಟೆ ಹಿಡಿದೇ ಅವಳನ್ನು ಬಾಗಿಲ ಬಳಿಗೆ ಕರೆದರು.

"ಏನು ಹಚ್ಚೀದಿ? ಮೇಡಮ್ಮರ ತಲಿ ಯಾಕ ತಿನ್ಲತ್ತಿ?"

"ಉಡಿ ತುಂಬಿದ್ರ ಮೌಶಿ ಮಾತಾಡಂಗಿಲ್ಲ ಅಂತ ನಿಮಗ ಗೊತ್ತಿತ್ತು ಸರ್."

"ಹೆಣ್ಮಗಳಿಗೆ ಸೀರಿ ಕೊಟ್ಟಿದ್ದು ತಪ್ಪೇನು? ತಂದಾಕಿ ನೀನೇ." ಅವರು ನಕ್ಕರು. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಎಲೆಯೊಂದು ಸಿಕ್ಕಿಕೊಂಡಿತ್ತು. "ದಿಲ್ಲಿ ಸಭಾಕ್ಕ ನಿನ್ನ ಹೆಸರೇ ಕೊಟ್ಟೀನಿ. ಜನರ ದನಿ ಅಂತ ನೀನೇ ಕೂಡಬೇಕು. ವಿಮಾನದಾಗ ಹೋಗು."

ಅವಳು ಆ ಎಲೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಭೀಮಬಾಯಿಯ ಕಡೆ ತಿರುಗಿದಳು.

"ಮೌಶಿ, ಹೊಸ್ತಿಲ ದಾಟಿದ ಮ್ಯಾಲ ಮಾತಾಡಬಹುದಲ್ಲ?"

"ಹೊರಗ ಹೋದ ಮ್ಯಾಲ ಯಾರ ಅಂಜಿಕಿ?"

"ನಡೀರಿ ಹಂಗಾರ. ಔರಾದ ಬಸ್ಸು ಸಿಗ್ತದ. ಗೇಟು ತೆಗಿ ಅಂತ ಯುನುಸಗ ನಾನೇ ಹೇಳ್ತೇನಿ. ಮಾತು ಕೊಟ್ಟಾಕಿ ನಾನು, ಇವರಲ್ಲ."

ಭೀಮಬಾಯಿ ಉಡಿಯನ್ನು ಸೊಂಟಕ್ಕೆ ಗಂಟು ಹಾಕಿಕೊಂಡಳು. ಆಮ್ರಪಾಲಿ ಕೊರಳಿನ ಬ್ಯಾಡ್ಜು ತೆಗೆದು ಎಂಜಲು ತಟ್ಟೆಗಳ ಮೇಲೆ ಹಾಕಿ, ಅವಳ ತೋಳು ಹಿಡಿದು ಮೆಟ್ಟಿಲಿಳಿಯತೊಡಗಿದಳು.

"ಏ ಆಮ್ರಪಾಲಿ! ಆ ಗೇಟಿಗೆ ಕೈ ಹಚ್ಚಿದಿ ಅಂದ್ರ ನಾಳಿಂದ ನೌಬಾದ ಆಫೀಸಿನ್ಯಾಗ ನಿನಗ ಕುರ್ಚಿ ಇರಂಗಿಲ್ಲ, ಕೇಳ್ಸಲತ್ತದೇನು? ನಾಗಸೇನ ಮಾಸ್ತರಗ ನಾ ಏನು ಹೇಳ್ಲಿ, ಇಷ್ಟು ವರ್ಷ ನಿನ್ನ ಮಗಳ್ಹಂಗ ನೋಡ್ಕೊಂಡು, ದಿಲ್ಲಿ ತನಕ ನಿನ್ನ ಹೆಸರು ನಾನೇ