ಆಪಾ ಕೆನ್ನೆಯ ಗೂಡಿನ ಚೂರು

ಮುಖ ತೊಳೆಯಲು ಬಗ್ಗಿದಾಗ ಮೂಗಿನಿಂದ ಟಪಟಪ ರಕ್ತ ಬಿದ್ದು, ಮೊದಲು ಸಣ್ಣ ಭಯ, ಆಮೇಲೆ ಮೊಬೈಲಿನಲ್ಲಿ ಹುಡುಕಾಟ, ಅದರಿಂದ ಇನ್ನೂ ದೊಡ್ಡ ಭಯ... ನಿಮಗೂ ಹೀಗಾಗಿದೆಯೇ? ಇವತ್ತು ಬೆಳಿಗ್ಗೆ ನನಗೆ ಮತ್ತೆ ಆಯಿತು. ಬೇಸಿನ್ನಿನಲ್ಲಿ ಎರಡು ಕೆಂಪು ಹನಿ ಕಂಡೊಡನೆ ನೆನಪಾದದ್ದು ಆಪಾ ಕೆನ್ನೆ.

ಆಪಾ, ಅಂದರೆ ಉರ್ದುವಿನ ಅಕ್ಕ, ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯವರು. ಮನೆಯ ಹಿಂದೆಯೇ ಅವರ ರೇಷ್ಮೆ ನೂಲು ಬಿಚ್ಚುವ ಯಂತ್ರಗಳು. ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ ನಮ್ಮ ಒಗ್ಗರಣೆಯನ್ನೂ ಸೋಲಿಸುತ್ತದೆ. ಅಲ್ಲಿ ಯಾರಿಗೆ ಗಾಯವಾದರೂ ಒಂದೇ ಮದ್ದು: ಕೆಲಸಕ್ಕೆ ಬಾರದ ಗೂಡನ್ನು ಕತ್ತರಿಸಿ, ಒಳಪದರ ಸುಲಿದು, ನೀರು ಸವರಿ ಅಂಟಿಸುವುದು. ಅಂಗಡಿಯ ಪಟ್ಟಿ ಕೊಳ್ಳುವವರು ಶೋಕಿಯವರು. ಹಿಂದೊಂದು ಬೇಸಿಗೆಯಲ್ಲಿ ಆಪಾ ಕೆನ್ನೆಯ ಮೇಲೂ, ಮೂಗಿನ ಪಕ್ಕ, ಅಂಥದೊಂದು ಬಿಳಿ ಚೂರು ಇತ್ತು. ಎಷ್ಟು ದಿನದಿಂದ ಎಂದು ನಾನು ಕೇಳಿರಲಿಲ್ಲ. ಪುರುಸೊತ್ತೆಲ್ಲಿ? ನನಗೆ ನನ್ನ ಮೂಗೇ ದೊಡ್ಡದಾಗಿತ್ತು.

ಆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ರಕ್ತ. ಮೂಗಿನ ತುದಿಯಲ್ಲಿ ಹುಟ್ಟಿನಿಂದ ಬಂದ ಮಚ್ಚೆ ಬೇರೆ. ಮೊಬೈಲು ಎರಡನ್ನೂ ಸೇರಿಸಿ ಚರ್ಮದ ಕ್ಯಾನ್ಸರ್ ಎಂದಿತು. ಅಂದು ಊಟ ಬಿಟ್ಟೆ. ನಿಜ ಹೇಳಬೇಕೆಂದರೆ ಮುದ್ದೆ ಮಾತ್ರ ಬಿಟ್ಟೆ, ಅನ್ನ ತಿಂದೆ.

"ಉಷ್ಣ ಕಣಮ್ಮ ಅದು. ನೆತ್ತಿಗೆ ಹರಳೆಣ್ಣೆ ತಟ್ಕೋ," ಎಂದರು ಆಪಾ.

"ಸತ್ತೋದ್ರೆ?"

"ಸಾಯೋರು ಎರಡ್ನೇ ಲೋಟ ಚಾ ಕೇಳಲ್ಲ."

ಹಾಗೆಂದರೂ, ಮಾರನೆಯ ದಿನ ನನ್ನ ಜೊತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದವರು ಅವರೇ.

ನನ್ನ ಕ್ಯಾನ್ಸರ್ ಭಯವನ್ನೆಲ್ಲ ಕೇಳಿಸಿಕೊಂಡ ಡಾಕ್ಟರಮ್ಮ ಮೂಗಿಗೆ ಟಾರ್ಚು ಬಿಟ್ಟು ನೋಡಿದರು. "ಒಳಗೆ ಒಣಗಿದೆ. ಮೂಗಿಗೆ ಬೆರಳು ಹಾಕ್ತೀರಾ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಹಾಕ್ತಾಳೆ," ಎಂದರು ಆಪಾ.

"ಮಚ್ಚೆಗೂ ಇದಕ್ಕೂ ಸಂಬಂಧ ಇಲ್ಲ. ರಕ್ತ ಬಂದ್ರೆ ತಲೆ ಮೇಲೆತ್ತಬೇಡಿ. ಮುಂದಕ್ಕೆ ಬಗ್ಗಿ, ಮೂಗಿನ ಮೆತ್ತನೆ ಭಾಗ ಹತ್ತು ನಿಮಿಷ ಒತ್ತಿ ಹಿಡ್ಕೊಳ್ಳಿ. ನಿಲ್ಲದಿದ್ರೆ, ಇಲ್ಲಾ ಒಂದೇ ಕಡೆಯಿಂದ ಪದೇ ಪದೇ ಬಂದ್ರೆ ತೋರಿಸಿ. ಚರ್ಮದ ಕ್ಯಾನ್ಸರ್ ಸಾಮಾನ್ಯವಾಗಿ ಹೀಗಿರಲ್ಲ. ಮೇಲ್ಗಡೆ ವಾಸಿಯಾಗದ ಗಾಯದ ಥರ..." ಟಾರ್ಚು ಆಪಾ ಕಡೆ ತಿರುಗಿತು. "ಇದೇನಮ್ಮ ಅಂಟಿಸಿರೋದು?"

"ಗೂಡು. ಸಣ್ಣ ಗಾಯ ಮೇಡಂ. ಒಣಗುತ್ತೆ, ಮತ್ತೆ ರಕ್ತ ಬರುತ್ತೆ. ಇನ್ನೊಂದು ಚೂರು ಅಂಟಿಸ್ತೀನಿ."

"ಎಷ್ಟು ದಿನದಿಂದ?"

"ಹೋದ ರಂಜಾನಿಂದ."

ಮುಂದಿನ ರಂಜಾನ್ ಆಗಲೇ ಬಾಗಿಲಿಗೆ ಬಂದಿತ್ತು. ವರ್ಷವಿಡೀ ಆ ಮುಖದ ಎದುರು ಕೂತು ಚಾ ಕುಡಿದ ನಾನು, ಬಿಳಿ ಚೂರನ್ನೂ ಮುಖದ ಭಾಗವೆಂದೇ ಎಣಿಸಿದ್ದೆ.

ಗಾಯದ ಒಂದು ಚೂರು ಪರೀಕ್ಷೆಗೆ ಹೋಯಿತು. ಕ್ಯಾನ್ಸರ್ ಹೌದು, ಆದರೆ ನಿಧಾನಕ್ಕೆ ಬೆಳೆಯುವ ಜಾತಿಯದು, ಪೂರ್ತಿ ತೆಗೆಯಬಹುದು ಎಂದರು. ಆ ವರದಿ ಹಿಡಿದು ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ಆಪಾ ಕಡಲೆಕಾಯಿ ಸುಲಿಯುತ್ತಿದ್ದರು. "ಅಳ್ಬೇಡ, ಮತ್ತೆ ಮೂಗಲ್ಲಿ ರಕ್ತ ಬರುತ್ತೆ," ಎಂದರು. ಸುಲಿದ ಬೀಜಗಳು ಅವರ ಅಂಗೈಯಲ್ಲೇ ಉಳಿದವು, ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ಬಗ್ಗಿ ಕೂತು ಹತ್ತು ನಿಮಿಷ ಮೂಗು ಹಿಡಿದೆ, ರಕ್ತ ನಿಂತಿತು. ಆಮೇಲೆ ಆಪಾ ಮನೆಗೆ ಹೋದೆ. ಗಾಯ ಕತ್ತರಿಸಿ ತೆಗೆದ ಜಾಗದಲ್ಲಿ ಈಗ ಬರೀ ಸಣ್ಣ ಗೆರೆ. ಅದನ್ನು ನೋಡದೆ ನಾನು ಲೋಟ ಮುಟ್ಟುವುದಿಲ್ಲ.

"ಮುಗೀತಾ ತಪಾಸಣೆ?"

"ಈ ಕಡೆ ತಿರುಗಿ. ಕಿವಿ ಹಿಂದೆ ಬಾಕಿ ಇದೆ."

ನಿಮ್ಮ ಮನೆಯಲ್ಲಿ ಯಾರ ಗಾಯ ನಿಮಗೆ ರೂಢಿಯಾಗಿಬಿಟ್ಟಿದೆ? ಕೆಳಗೆ ಬರೆಯಿರಿ. ಮೂಗಿನ ಕಥೆಗಳಿದ್ದರೂ ಬರಲಿ, ನಗದೆ ಓದುತ್ತೇನೆ. ಆದರೆ ಮೊದಲು ಎದುರು ಕೂತವರ ಮುಖವನ್ನೊಮ್ಮೆ ಸರಿಯಾಗಿ ನೋಡಿ ಬನ್ನಿ.